ಕಾರಿಗೋಸ್ಕರ ಕಟ್ಟಿದ ಶಾಪಿಂಗ್ ಏರಿಯಾದಲ್ಲಿ ಮನೆ ಸೇರಿಸೋದು ಹೇಗೆ? ಎಲ್ಲಿಂದ ಶುರು ಮಾಡ್ಬೇಕು?

ನಕ್ಷೆಗಾರ:

ಎಲ್ಲರಿಗೂ ನಮಸ್ಕಾರ. ನಾನು ನಗರ ಯೋಜನೆ (ಪ್ಲಾನಿಂಗ್) ಓದ್ತಿದೀನಿ, ಕೊನೇ ವರ್ಷದ ಸ್ಟುಡಿಯೋ ಪ್ರಾಜೆಕ್ಟಿಗೆ ನಮ್ಮ ಟೀಮಿಗೆ ಒಂದು ಶಾಪಿಂಗ್ ಡಿಸ್ಟ್ರಿಕ್ಟ್ ಕೊಟ್ಟಿದಾರೆ. ಊರಾಚೆ ಹೈವೇ ಪಕ್ಕ ಇರೋದಲ್ಲ, ನಗರದ ಒಳಗೇ ಇರೋದು. ನಡುವೆ ಆರು ಲೇನಿನ ರಸ್ತೆ, ಒಂದು ಕಡೆ ಮಾಲ್, ಇನ್ನೊಂದು ಕಡೆ ಸಾಲಾಗಿ ಒಂದೇ ಮಹಡಿಯ ದೊಡ್ಡ ದೊಡ್ಡ ಅಂಗಡಿಗಳು, ಎಲ್ಲದರ ಮುಂದೆ ಬಯಲು ಪಾರ್ಕಿಂಗ್. ಪಕ್ಕದ ಅಂಗಡಿಗೆ ಹೋಗೋಕೂ ಜನ ಕಾರ್ ಸ್ಟಾರ್ಟ್ ಮಾಡ್ತಾರೆ, ಯಾಕಂದ್ರೆ ಮಧ್ಯ ಗೋಡೆ ಇದೆ, ಫುಟ್‌ಪಾತ್ ಅರ್ಧಕ್ಕೇ ನಿಂತೋಗಿದೆ. ವ್ಯಾಪಾರ ಚೆನ್ನಾಗೇ ನಡೀತಿದೆ, ಪಾಳು ಬಿದ್ದಿರೋ ಜಾಗ ಏನಲ್ಲ. ಸುತ್ತಮುತ್ತ ಹಳೇ ಬಡಾವಣೆಗಳಿವೆ, ಆದ್ರೆ ಡಿಸ್ಟ್ರಿಕ್ಟ್ ಒಳಗೆ ಒಂದೇ ಒಂದು ಮನೆ ಇಲ್ಲ.

ನಮಗೆ ಕೊಟ್ಟಿರೋ ಕೆಲಸ: ಇಲ್ಲಿ ಕೆಲವು ಸಾವಿರ ಜನ ವಾಸ ಮಾಡೋ ಹಾಗೆ ಮಾಡಿ, ಆದ್ರೆ ಅಂಗಡಿಗಳು ಮುಚ್ಚಬಾರದು. ಟೀಮಲ್ಲಿ ಜಗಳ ಶುರುವಾಗಿದೆ. ಒಬ್ಬರು ಮಾಲ್ ಪಕ್ಕ ನಾಲ್ಕು ಟವರ್ ನಿಲ್ಸಿಬಿಡೋಣ, ಸಂಖ್ಯೆ ಅಲ್ಲೇ ಮುಗಿಯತ್ತೆ ಅಂತಾರೆ. ಇನ್ನೊಬ್ಬರು ಎಲ್ಲಾ ಕೆಡವಿ ಹೊಸದಾಗಿ ಕಟ್ಟೋಣ ಅಂತಾರೆ. ನನಗೆ ಎರಡೂ ಸರಿ ಕಾಣ್ತಿಲ್ಲ, ಆದ್ರೆ ಅದರ ಬದಲು ಏನು ಅಂತ ಗಟ್ಟಿಯಾಗಿ ಹೇಳೋಕೂ ಆಗ್ತಿಲ್ಲ. ಇಂಥ ಜಾಗಗಳಲ್ಲಿ ಕೆಲಸ ಮಾಡಿರೋರು, ಅಥವಾ ಅಲ್ಲಿ ವಾಸ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಮೊದಲು ಕೈ ಹಾಕ್ಬೇಕಾದ್ದು ಯಾವುದಕ್ಕೆ?


ಕಾಲುದಾರಿ:

ಮೊದಲು ಕೈ ಹಾಕ್ಬೇಕಾದ್ದು ರಸ್ತೆಗೆ. ಮನೆ ಎಷ್ಟು, ಮಹಡಿ ಎಷ್ಟು ಅನ್ನೋದು ಆಮೇಲಿನ ಮಾತು.

ನಿಮ್ಮ ಸೈಟಿನ ನಕ್ಷೆ ತಗೊಂಡು ಸಾರ್ವಜನಿಕ ರಸ್ತೆ ಮಾತ್ರ ಕಪ್ಪು ಬಣ್ಣದಲ್ಲಿ ಬರೀರಿ, ಬೇರೆ ಏನೂ ಬೇಡ. ಆ ಆರು ಲೇನಿನ ರಸ್ತೆ, ಅಂಚಲ್ಲಿ ಇನ್ನೊಂದೆರಡು ರಸ್ತೆ, ಅಷ್ಟೇ ಕಾಣತ್ತೆ. ನಡುವೆ ಇರೋದೆಲ್ಲ ಒಂದೇ ದೊಡ್ಡ ಬ್ಲಾಕ್. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ನಡುಭಾಗದಲ್ಲಿ ಒಂದು ಬ್ಲಾಕ್ 200 ಅಡಿ, ಸಾಲ್ಟ್ ಲೇಕ್ ಸಿಟಿಯಲ್ಲಿ 660 ಅಡಿ. ಎರಡೂ ಕಡೆ ಇರೋದು ಚೌಕಾಕಾರದ ರಸ್ತೆ ಜಾಲವೇ, ಆದ್ರೂ ನಡೆದು ನೋಡಿದ್ರೆ ವ್ಯತ್ಯಾಸ ಕಾಲಿಗೇ ಗೊತ್ತಾಗತ್ತೆ, ಒಂದು ಕಡೆ ನಿಮಿಷಕ್ಕೊಂದು ಮೂಲೆ ಸಿಗತ್ತೆ, ಇನ್ನೊಂದು ಕಡೆ ಗೋಡೆ ಪಕ್ಕ ನಡೀತಾನೇ ಇರ್ಬೇಕು. ಮಾಲ್ ಇರೋ ಬ್ಲಾಕ್ ಅಂತೂ ಇವೆರಡಕ್ಕಿಂತ ದೊಡ್ಡದು. ಅಂಥ ಬ್ಲಾಕಿನ ನಡುವೆ ಟವರ್ ನಿಲ್ಸಿದ್ರೆ ಅದರಲ್ಲಿರೋರು ಮೆಡಿಕಲ್ ಶಾಪಿಗೆ ಹೋಗೋಕೂ ಲಿಫ್ಟಲ್ಲಿ ಬೇಸ್‌ಮೆಂಟಿಗೆ ಇಳಿದು ಕಾರ್ ತೆಗೀತಾರೆ. ಅಂದ್ರೆ ಜನಸಂಖ್ಯೆ ಜಾಸ್ತಿಯಾಯ್ತು, ಕಾರಿನ ಮೇಲಿನ ಅವಲಂಬನೆ ಒಂಚೂರೂ ಕಮ್ಮಿಯಾಗ್ಲಿಲ್ಲ, ಮೇಲಿಂದ ಟ್ರಾಫಿಕ್ಕೂ ಸೇರ್ತು. ಜನ "ಡೆನ್ಸಿಟಿ (ಜನದಟ್ಟಣೆ) ಅಂದ್ರೆ ಬೇಡ" ಅನ್ನೋದು ಇದನ್ನ ನೋಡಿಯೇ, ಅವರ ಕೋಪ ನ್ಯಾಯವಾದ್ದೇ.

ವಾಷಿಂಗ್ಟನ್ ಡಿಸಿ ಪಕ್ಕದ ಟೈಸನ್ಸ್ ಬಗ್ಗೆ ಓದಿ. ದೊಡ್ಡ ಮಾಲ್, ಆಫೀಸುಗಳು, ಲಕ್ಷದಷ್ಟು ಉದ್ಯೋಗ, ವಾಸ ಇದ್ದೋರು ಮಾತ್ರ ಹದಿನೇಳು ಸಾವಿರದ ಆಸುಪಾಸು. ಫೇರ್‌ಫ್ಯಾಕ್ಸ್ ಕೌಂಟಿ 2010ರಲ್ಲಿ ಹೊಸ ಪ್ಲಾನ್ ಮಾಡ್ತು: 2050ರ ಹೊತ್ತಿಗೆ ಒಂದು ಲಕ್ಷ ನಿವಾಸಿಗಳು, ಬೆಳವಣಿಗೆಯ ಮುಕ್ಕಾಲು ಪಾಲು ಮೆಟ್ರೋ ಸ್ಟೇಷನ್ನಿನಿಂದ ಅರ್ಧ ಮೈಲಿ ಒಳಗೆ. 2014ರಲ್ಲಿ ಸಿಲ್ವರ್ ಲೈನ್ ಅನ್ನೋ ಮೆಟ್ರೋ ಮಾರ್ಗ ಬಂತು, ಟೈಸನ್ಸ್‌ಗೇ ನಾಲ್ಕು ಸ್ಟೇಷನ್. ಆದ್ರೆ ಆ ಪ್ಲಾನಿನಲ್ಲಿ ನಾನು ಮುಖ್ಯ ಅನ್ನೋದು ಮೆಟ್ರೋ ಅಲ್ಲ, ದೊಡ್ಡ ಬ್ಲಾಕುಗಳನ್ನ ಒಡೆದು ರಸ್ತೆ ಜಾಲ ಮಾಡ್ಬೇಕು, ಕಟ್ಟೋರು ತಮ್ಮ ಜಾಗದ ಪಾಲಿನ ರಸ್ತೆ ಕೊಟ್ಟೇ ಕಟ್ಬೇಕು ಅಂತ ಇಟ್ಟಿದ್ದು. ಇವತ್ತಿಗೂ ಅಲ್ಲಿ ಸ್ಟೇಷನ್ ಇಳಿದು ನಡೆಯೋದು ಹಲವು ಕಡೆ ಕಷ್ಟ, ಯಾಕಂದ್ರೆ ಆ ಜಾಲ ತುಂಡು ತುಂಡಾಗಿ ಬರ್ತಿದೆ, ಒಬ್ಬ ಮಾಲೀಕ ಕಟ್ಟಿದ ರಸ್ತೆ ಪಕ್ಕದ ಮಾಲೀಕನ ಬೇಲಿ ಹತ್ರ ನಿಂತಿರತ್ತೆ.

ಇನ್ನು ಎಲ್ಲಾ ಕೆಡವೋ ವಿಚಾರ. ಕೊಲರಾಡೋದ ಲೇಕ್‌ವುಡ್‌ನಲ್ಲಿ ವಿಲ್ಲಾ ಇಟಾಲಿಯಾ ಅಂತ 1966ರ ಮಾಲ್ ಇತ್ತು, ಅದನ್ನ ಕೆಡವಿ ಬೆಲ್‌ಮಾರ್ ಅಂತ 22 ಬ್ಲಾಕುಗಳ ರಸ್ತೆ ಜಾಲ ಹಾಕಿ 2004ರಲ್ಲಿ ತೆರೆದ್ರು, ಅಂಗಡಿ ಮೇಲೆ ಮನೆ, ಪಕ್ಕದಲ್ಲಿ ಆಫೀಸು. ಚೆನ್ನಾಗೇ ಬಂತು. ಆದ್ರೆ ಅಲ್ಲಿ ಮಾಲ್ ಸತ್ತಿತ್ತು, ಹಾಗಾಗಿ ಪೂರ್ತಿ ಜಾಗವನ್ನ ಒಂದೇ ಯೋಜನೆಯಾಗಿ ನೋಡೋಕೆ ಆಯ್ತು. ನಿಮ್ಮಲ್ಲಿ ವ್ಯಾಪಾರ ನಡೀತಿದೆ, ಮಾಲೀಕರೂ ಹತ್ತಾರು ಜನ ಇರ್ಬಹುದು, ಕೆಡವೋಕೆ ಯಾರೂ ಒಪ್ಪಲ್ಲ, ಒಪ್ಪಬೇಕಾಗೂ ಇಲ್ಲ.

ಹಾಗಾದ್ರೆ ರಸ್ತೆ ಎಲ್ಲಿಂದ ಬರತ್ತೆ ಅಂದ್ರೆ ಪಾರ್ಕಿಂಗ್ ಒಳಗಿಂದಲೇ. ಅಲ್ಲಿ ಕಾರ್ ಓಡಾಡೋ ಉದ್ದನೆಯ ದಾರಿ ಆಗ್ಲೇ ಇದೆ, ಎದುರು ಬದರು ಎರಡು ಅಂಗಡಿ ಸಾಲಿನ ದಾರಿಗಳು ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿದ್ರೆ ಅದೇ ನಾಳೆಯ ರಸ್ತೆ. ಅದಕ್ಕೆ ಎರಡೂ ಬದಿ ಫುಟ್‌ಪಾತ್, ಮರ, ದೀಪ ಕೊಡಿ, ನೀರು ಮತ್ತೆ ಒಳಚರಂಡಿ ಪೈಪನ್ನ ಅದರ ಕೆಳಗೇ ಹಾಕಿ. ನಡುವೆ ಉಳಿಯೋ ತುಂಡು 60ರಿಂದ 90 ಮೀಟರ್ ಇರ್ಲಿ. ಅಷ್ಟಗಲ ಯಾಕೆ ಅಂದ್ರೆ ಮಧ್ಯ ಕಾರಿಡಾರ್ ಇಟ್ಟು ಎರಡೂ ಕಡೆ ಮನೆ ಇರೋ ಕಟ್ಟಡ ಸುಮಾರು 18-20 ಮೀಟರ್ ದಪ್ಪ ಇರತ್ತೆ, ಎರಡು ಕಟ್ಟಡ ಎದುರುಬದರು ನಿಲ್ಸಿ ನಡುವೆ ಅಂಗಳ ಬಿಟ್ರೆ ಅಲ್ಲಿಗೆ 60 ದಾಟತ್ತೆ. ಇವತ್ತು ಆ ತುಂಡಲ್ಲಿ ಕಾರೇ ನಿಂತಿರ್ಲಿ ಪರ್ವಾಗಿಲ್ಲ, ರಸ್ತೆ ಮಾತ್ರ ಸರಿಯಾದ ಜಾಗದಲ್ಲಿ ಬಿದ್ದಿದ್ರೆ ಹತ್ತು ವರ್ಷ ಬಿಟ್ಟು ಬೇಕಾದ್ರೂ ಒಂದೊಂದೇ ತುಂಡಲ್ಲಿ ಮನೆ ಎಬ್ಬಿಸ್ಬಹುದು.


ಬಾಡಿಗೆ_ಲೆಕ್ಕ:

ಮೇಲಿನವರು ಹೇಳಿದ್ದು ಒಪ್ತೀನಿ, ಆದ್ರೆ ಸ್ಟುಡಿಯೋಲಿ ಯಾರೂ ಹೇಳಿಕೊಡದ ಒಂದು ವಿಷಯ ಇದೆ, ನಾನು ಕಮರ್ಷಿಯಲ್ ಲೀಸ್ ಕೆಲಸದಲ್ಲಿ ಇರೋದ್ರಿಂದ ಅದನ್ನೇ ಹೇಳ್ತೀನಿ. ಆ ಪಾರ್ಕಿಂಗ್ ಲಾಟ್ ಖಾಲಿ ಜಾಗದ ಥರ ಕಾಣತ್ತೆ, ಕಾಗದದ ಮೇಲೆ ಅದು ಖಾಲಿ ಅಲ್ಲ.

ದೊಡ್ಡ ಆ್ಯಂಕರ್ ಅಂಗಡಿಗಳು, ಅಂದ್ರೆ ಜನರನ್ನ ಸೆಳೆಯೋ ಮುಖ್ಯ ಅಂಗಡಿಗಳು, ಲೀಸ್ ಮಾಡ್ಕೊಳ್ಳುವಾಗ ಇಷ್ಟು ಚದರ ಅಡಿಗೆ ಇಷ್ಟು ಕಾರ್ ಜಾಗ ಇರ್ಲೇಬೇಕು, ನಮ್ಮ ಬೋರ್ಡು ಮುಖ್ಯರಸ್ತೆಯಿಂದ ಕಾಣ್ತಿರ್ಬೇಕು, ನಮ್ಮ ಮುಂದೆ ಇಂತಿಷ್ಟು ಜಾಗದಲ್ಲಿ ಏನೂ ಕಟ್ಟಬಾರದು ಅಂತ ಬರೆಸ್ಕೊಂಡಿರ್ತಾರೆ. ಮಾಲ್ ಆದ್ರೆ ಮಾಲೀಕರು ಮತ್ತು ಆ್ಯಂಕರ್‌ಗಳ ನಡುವೆ ಪರಸ್ಪರ ಹಕ್ಕಿನ ಒಪ್ಪಂದ ಬೇರೆ ಇರತ್ತೆ, ಒಬ್ಬರು ತಕರಾರು ಎತ್ತಿದ್ರೂ ಕೆಲಸ ನಿಲ್ಲತ್ತೆ. ನಗರಸಭೆ ಝೋನಿಂಗ್, ಅಂದ್ರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ, ಬದಲಾಯಿಸಿದ್ರೂ ಈ ಕಾಗದ ಬದಲಾಗಲ್ಲ. ಜನ ಝೋನಿಂಗ್ ಸರಿಯಾದ ದಿನವೇ ಕಟ್ಟಡ ಏಳತ್ತೆ ಅಂದ್ಕೊಂಡಿರ್ತಾರೆ, ಆಮೇಲೆ ವರ್ಷಗಟ್ಟಲೆ ಏನೂ ಆಗದೇ ಇದ್ದಾಗ ಪ್ಲಾನೇ ಸುಳ್ಳು ಅಂತ ಬೈತಾರೆ. ಹಾಗಾಗಿ ನಿಮ್ಮ ಹಂತಗಳ ನಕ್ಷೆ ಮಾಡುವಾಗ ಲೀಸ್ ಮುಗಿಯೋ ವರ್ಷ ಒಂದು ಪದರವಾಗಿ ಇರ್ಬೇಕು. ನಿಜವಾದ ಕಾಗದ ಸಿಗದೇ ಇದ್ರೆ ಊಹೆ ಅಂತಾನೇ ಬರೆದು ಹಾಕಿ, ನಿಮ್ಮ ಕೆಲಸ ಮೌಲ್ಯಮಾಪನ ಮಾಡೋ ಜ್ಯೂರಿಯೋರು ಅದನ್ನ ಮೆಚ್ಕೊಳ್ತಾರೆ.

ಈಗ ಪಾರ್ಕಿಂಗ್ ಲೆಕ್ಕ, ಇದು ಬಹಳ ಮುಖ್ಯ, ನಿಧಾನಕ್ಕೆ ಓದಿ. ಅಮೆರಿಕದ ನಗರಗಳ ನಿಯಮದಲ್ಲಿ ದಶಕಗಟ್ಟಲೆ ಇದ್ದ ಮಾಮೂಲಿ ಸಂಖ್ಯೆ 1000 ಚದರ ಅಡಿ ಅಂಗಡಿಗೆ ನಾಲ್ಕೈದು ಕಾರು. ಒಂದು ಕಾರು ನಿಲ್ಲೋ ಜಾಗ, ಅದು ಒಳಗೆ ಬಂದು ತಿರುಗೋ ದಾರಿ ಎಲ್ಲಾ ಸೇರಿದ್ರೆ 300ರಿಂದ 350 ಚದರ ಅಡಿ. ನಾಲ್ಕೇ ಅಂತ ಇಟ್ಕೊಂಡ್ರೂ 1000 ಅಡಿ ಅಂಗಡಿಗೆ 1200-1400 ಅಡಿ ಡಾಂಬರು. ಅಂಗಡಿಗಿಂತ ಅಂಗಡಿ ಮುಂದಿನ ಪಾರ್ಕಿಂಗೇ ದೊಡ್ಡದು! ಯಾರೋ ಆರ್ಕಿಟೆಕ್ಟ್ ಇಷ್ಟಪಟ್ಟು ಹಾಗೆ ಮಾಡಿದ್ದಲ್ಲ, ನಿಯಮವೇ ಹಾಗೆ ಬರೆಸಿದ್ದು. ಅದೂ ವರ್ಷದಲ್ಲಿ ಅತಿ ಹೆಚ್ಚು ಜನ ಬರೋ ದಿನವನ್ನ ತಲೇಲಿ ಇಟ್ಕೊಂಡು ಹಾಕಿದ ಸಂಖ್ಯೆ, ಮಿಕ್ಕ ದಿನ ಹಿಂದಿನ ಸಾಲುಗಳು ಹಾಗೇ ಬಿದ್ದಿರತ್ತೆ.

ಈ ಕಡ್ಡಾಯ ಸಂಖ್ಯೆಯನ್ನೇ ತೆಗೆದ ಕಡೆಗಳಿವೆ. ನ್ಯೂಯಾರ್ಕ್ ರಾಜ್ಯದ ಬಫಲೋ 2017ರಲ್ಲಿ ನಗರದ ಪೂರ್ತಿ ಕನಿಷ್ಠ ಪಾರ್ಕಿಂಗ್ ನಿಯಮ ತೆಗೀತು. ಅದೇ ವರ್ಷ ಮೆಕ್ಸಿಕೋ ಸಿಟಿ ಕನಿಷ್ಠವನ್ನ ಗರಿಷ್ಠ ಮಾಡ್ತು, ಅಂದ್ರೆ ಇಷ್ಟಕ್ಕಿಂತ ಜಾಸ್ತಿ ಕಟ್ಟಬೇಡಿ ಅಂತ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಮುಖ್ಯ ಸಾರಿಗೆ ನಿಲ್ದಾಣದ ಅರ್ಧ ಮೈಲಿ ಒಳಗೆ ನಗರಸಭೆ ಕನಿಷ್ಠ ಪಾರ್ಕಿಂಗ್ ಹೇರೋ ಹಾಗಿಲ್ಲ, ಇನ್ನೊಂದು ಕಾಯ್ದೆಯಲ್ಲಿ ಅಗಲವಾದ ವಾಣಿಜ್ಯ ರಸ್ತೆಗಳ ಪಕ್ಕ ಷರತ್ತಿಗೆ ಒಳಪಟ್ಟು ಮನೆ ಕಟ್ಟೋಕೆ ನೇರ ಅನುಮತಿ ಸಿಗತ್ತೆ. ನಿಮ್ಮ ಸೈಟಿಗೆ ಹತ್ತಿರದ ಉದಾಹರಣೆ ಅದೇ.

ಆದ್ರೆ ಒಂದೇ ಸಲ ಪಾರ್ಕಿಂಗ್ ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಅಂಗಡಿಗೆ ಜನ ಬರೋದು ಹಗಲು, ಅದ್ರಲ್ಲೂ ವಾರಾಂತ್ಯದ ಮಧ್ಯಾಹ್ನ. ಮನೆಯವರ ಕಾರು ನಿಲ್ಲೋದು ರಾತ್ರಿ. ಒಂದೇ ಜಾಗವನ್ನ ಇಬ್ರೂ ಬಳಸ್ಬಹುದು, ಅದಕ್ಕೆ ಮನೆ ಜೊತೆ ಪಾರ್ಕಿಂಗ್ ಮಾರಬಾರದು, ಬೇಕಾದೋರು ಬೇರೆ ದುಡ್ಡು ಕೊಟ್ಟು ತಗೋಬೇಕು. ಮನೆ ಬೆಲೆ ಒಳಗೇ ಕಾರ್ ಜಾಗ ಸೇರಿಸಿದ್ರೆ ಕಾರಿಲ್ಲದೋನೂ ಅದಕ್ಕೆ ದುಡ್ಡು ಕಟ್ತಾನೆ. ಮತ್ತೆ ಬಹುಮಹಡಿ ಪಾರ್ಕಿಂಗ್ ಒಂದು ಕಾರಿಗೆ ಬಯಲಿಗಿಂತ ಎಷ್ಟೋ ಪಟ್ಟು ದುಬಾರಿ, ನೆಲದಡಿ ಇನ್ನೂ ದುಬಾರಿ. ಬಹಳ ಪ್ರಾಜೆಕ್ಟ್ ಸಾಯೋದು ಇಲ್ಲೇ. ಮೊದಲ ಹಂತ ಬಯಲು ಪಾರ್ಕಿಂಗ್ ಉಳಿಸ್ಕೊಂಡೇ ಆಗೋ ಅಷ್ಟು ಚಿಕ್ಕದಿರ್ಲಿ.


ನಕ್ಷೆಗಾರ:

ಇಬ್ರಿಗೂ ತುಂಬಾ ಥ್ಯಾಂಕ್ಸ್, ಲೀಸ್ ಪದರದ ವಿಚಾರ ನಮ್ಮ ಯಾರ ತಲೆಗೂ ಹೊಳೆದಿರ್ಲಿಲ್ಲ. ಎರಡು ಅನುಮಾನ. ಒಂದು, ಪಕ್ಕದ ಬಡಾವಣೆಯೋರು ಈಗ್ಲೇ ಟ್ರಾಫಿಕ್ ಜಾಸ್ತಿ, ಇನ್ನು ಸಾವಿರ ಮನೆ ಬಂದ್ರೆ ನಾವು ಮನೆಯಿಂದ ಹೊರಗೇ ಬರೋಕಾಗಲ್ಲ ಅಂತಿದಾರೆ, ಅವರಿಗೆ ಏನು ಉತ್ತರ ಕೊಡ್ಬೇಕು? ಎರಡು, ಪ್ರತಿ ಕಟ್ಟಡದ ಕೆಳಗೂ ಅಂಗಡಿ ಇಟ್ರೆ ರಸ್ತೆ ಜೀವಂತ ಇರತ್ತೆ ಅಂತ ಓದಿದೀವಿ, ಹಾಗೇ ಮಾಡೋದಾ?


ಸಿಗ್ನಲ್_ನೋಡುವವ:

ಟ್ರಾಫಿಕ್ ಬಗ್ಗೆ ನಾನು ಹೇಳ್ತೀನಿ, ವೃತ್ತಿ ಅದೇ.

ಅವರಿಗೆ ಟ್ರಾಫಿಕ್ ಆಗಲ್ಲ ಅಂತ ದಯವಿಟ್ಟು ಹೇಳ್ಬೇಡಿ, ಅದು ಸುಳ್ಳು. ಹೊಸ ಮನೆಯವರ ಹತ್ರ ಕಾರು ಇರತ್ತೆ, ಸ್ವಲ್ಪ ಓಡ್ಸೇ ಓಡ್ಸ್ತಾರೆ. ಹೇಳ್ಬೇಕಾದ್ದು ಬೇರೆ: ಅದೇ ಸಾವಿರ ಮನೆ ಊರಾಚೆ ಕಟ್ಟಿದ್ರೆ ಅವರು ಶಾಪಿಂಗಿಗೆ ಇಲ್ಲಿಗೇ ಬರ್ತಾರೆ, ಇದೇ ಸಿಗ್ನಲ್ಲಲ್ಲೇ ನಿಲ್ತಾರೆ, ಎಲ್ರೂ ಕಾರಲ್ಲೇ ಬರ್ತಾರೆ. ಅಂಗಡಿ ಪಕ್ಕದಲ್ಲೇ ಮನೆ ಇದ್ರೆ ಅದರಲ್ಲೊಂದಿಷ್ಟು ಓಡಾಟ ನಡಿಗೆಗೆ ತಿರುಗತ್ತೆ. ಟ್ರಾಫಿಕ್ ವರದಿ ಬರೆಯೋರು ಬಳಸೋ ಅಮೆರಿಕದ ಟ್ರಿಪ್ ಕೋಷ್ಟಕಗಳು (ಯಾವ ಥರದ ಕಟ್ಟಡಕ್ಕೆ ಎಷ್ಟು ಓಡಾಟ ಅನ್ನೋ ಪಟ್ಟಿ) ಬಹಳ ವರ್ಷ ಒಂಟಿ ಸೈಟುಗಳನ್ನ, ಅಂದ್ರೆ ಸುತ್ತ ಬರೀ ಪಾರ್ಕಿಂಗ್ ಇರೋ ಕಡೆಗಳನ್ನ ಅಳೆದು ಮಾಡಿದ್ದು. ಮನೆ ಅಂಗಡಿ ಒಟ್ಟಿಗಿರೋ ಜಾಗಕ್ಕೆ ಅದನ್ನ ಹಾಗೇ ಹಾಕಿದ್ರೆ ಸಂಖ್ಯೆ ಉಬ್ಬತ್ತೆ, ಒಳಗೊಳಗೇ ಆಗೋ ಓಡಾಟವನ್ನ ಕಳೀಬೇಕು. ಕಳೆದಿದಾರಾ ಅಂತ ವರದಿ ತೆಗೆದು ನೋಡಿ.

ಒಂದು ಗಟ್ಟಿ ಉದಾಹರಣೆ ಬೇಕಿದ್ರೆ ಆರ್ಲಿಂಗ್ಟನ್, ವರ್ಜೀನಿಯಾ. ಅಲ್ಲಿ ಬಾಲ್‌ಸ್ಟನ್‌ನಲ್ಲಿ 1951ರಲ್ಲಿ ದೊಡ್ಡ ಪಾರ್ಕಿಂಗ್ ಕಟ್ಟಡದ ಜೊತೆ ಶಾಪಿಂಗ್ ಸೆಂಟರ್ ಬಂದಿತ್ತು, ಹೆಸರೇ ಪಾರ್ಕಿಂಗ್ಟನ್. ಮೆಟ್ರೋ ಬರುವಾಗ ಹೈವೇ ನಡುವೆ ಹಾಕಿದ್ರೆ ಅಗ್ಗವಾಗ್ತಿತ್ತು, ಆದ್ರೆ ಕೌಂಟಿಯೋರು ಹಠ ಹಿಡಿದು ಹಳೇ ವಾಣಿಜ್ಯ ರಸ್ತೆಯ ಕೆಳಗೇ ತರಿಸ್ಕೊಂಡ್ರು, 1979ರಲ್ಲಿ ಬಾಲ್‌ಸ್ಟನ್‌ವರೆಗೆ ತೆರೀತು. ಕಟ್ಟಡಗಳ ಎತ್ತರ ಸ್ಟೇಷನ್ ಹತ್ರ ಜಾಸ್ತಿ, ದೂರ ಹೋದಂಗೆ ಇಳೀತಾ ಇಳೀತಾ ಹಳೇ ಮನೆಗಳ ಬೀದಿ ಮುಟ್ಟುವಾಗ ಎರಡು ಮೂರು ಮಹಡಿ. ಆಮೇಲೆ ದಶಕಗಳಲ್ಲಿ ಅಷ್ಟೊಂದು ಮನೆ ಆಫೀಸು ಬಂದ್ರೂ ಅಲ್ಲಿನ ವಿಲ್ಸನ್ ಬುಲೆವಾರ್ಡ್‌ನಲ್ಲಿ ಕಾರುಗಳು ಅದೇ ಪ್ರಮಾಣದಲ್ಲಿ ಏರಲಿಲ್ಲ. ಮೆಟ್ರೋ ಇಲ್ಲದ ಕಡೆ ಇಷ್ಟು ಫಲ ಸಿಗಲ್ಲ, ಅದನ್ನೂ ಹೇಳ್ಬೇಕು. ನಿಮ್ಮ ಸೈಟಿಗೆ ಹತ್ತು ನಿಮಿಷಕ್ಕೊಂದು ಬಸ್ಸಾದ್ರೂ ಇಲ್ಲ ಅಂದ್ರೆ ಅದನ್ನ ಮೊದಲ ಹಂತದಲ್ಲೇ ಕೇಳಿ.

ಇನ್ನು ಆ ಆರು ಲೇನ್. ತಿರುವಿನ ಲೇನು, ಡಿವೈಡರ್ ಎಲ್ಲಾ ಸೇರಿ ಅಗಲ 30 ಮೀಟರ್ ಅಂತ ಇಟ್ಕೊಳ್ಳಿ. ಅಮೆರಿಕದ ಸಿಗ್ನಲ್ ಕೈಪಿಡಿ ನಡೆಯೋರ ವೇಗ ಸೆಕೆಂಡಿಗೆ 3.5 ಅಡಿ ಅಂತ ಲೆಕ್ಕ ಹಿಡಿಯತ್ತೆ, ಅಂದ್ರೆ ದಾಟೋಕೆ 28 ಸೆಕೆಂಡ್ ಬೇಕು. ಕೋಲು ಹಿಡಿದೋರು, ಮಗು ಕೈ ಹಿಡಿದೋರು ಇನ್ನೂ ನಿಧಾನ. ಆದ್ರೆ ಸಿಗ್ನಲ್ ಇಟ್ಟಿರೋದು ಕಾರಿನ ಸಾಲು ಮುಂದೆ ಹೋಗ್ಲಿ ಅಂತ, ಹಾಗಾಗಿ ನಡೆಯೋರು ಎರಡು ನಿಮಿಷ ಕಾಯ್ತಾರೆ, ಅಷ್ಟರಲ್ಲಿ ತಾಳ್ಮೆ ಕಳ್ಕೊಂಡು ನಡುವೆ ನುಗ್ತಾರೆ. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಇಟ್ಟು ಈ ರಸ್ತೆಯನ್ನ ಹಾಗೇ ಬಿಟ್ರೆ ನೀವು ಜನರನ್ನ ಅಪಾಯಕ್ಕೆ ತಳ್ತಿದೀರಿ ಅಂತಾನೇ ನಾನು ಹೇಳೋದು. ಡಿವೈಡರಲ್ಲಿ ನಿಲ್ಲೋ ಜಾಗ ಅಗಲ ಮಾಡಿ, ಸಿಗ್ನಲ್ಲಿಗೆ ನಿಲ್ಲದೇ ಜಾರ್ಕೊಂಡು ತಿರುಗೋ ಸ್ಲಿಪ್ ಲೇನ್ ಮುಚ್ಚಿ, ಹತ್ತು ಅಂಗಡಿಗೆ ಹತ್ತು ಗೇಟ್ ಇರೋದನ್ನ ಎರಡು ಗೇಟ್ ಮಾಡಿ. ಒಳಗೆ ರಸ್ತೆ ಜಾಲ ಬಂದ್ರೆ ಗೇಟ್ ಕಮ್ಮಿ ಮಾಡೋದು ಸುಲಭ, ಅಂಗಡಿಯಿಂದ ಅಂಗಡಿಗೆ ಹೋಗೋ ಕಾರು ಮುಖ್ಯರಸ್ತೆಗೆ ಬರೋದೇ ಇಲ್ಲ. ಪಕ್ಕದ ಬಡಾವಣೆಯೋರಿಗೆ ಇದನ್ನ ತೋರ್ಸಿ, ಅವರಿಗೂ ಇದರಿಂದ ನೇರ ಲಾಭ ಇದೆ.


ಮೂರನೇ_ಮಹಡಿ:

ನಾನು ಪ್ಲಾನರ್ ಅಲ್ಲ. ಇಂಥದ್ದೇ ಒಂದು ಜಾಗದಲ್ಲಿ, ಮೊದಲು ಪಾರ್ಕಿಂಗ್ ಆಗಿದ್ದ ಕಡೆ ಕಟ್ಟಿದ ಬಿಲ್ಡಿಂಗಲ್ಲಿ ಬಾಡಿಗೆಗೆ ಇದೀನಿ. ಇಷ್ಟಪಟ್ಟೇ ಇದೀನಿ, ಅಮ್ಮನೂ ಜೊತೆಗಿದಾರೆ, ಅವರಿಗೆ ಡ್ರೈವಿಂಗ್ ಬರಲ್ಲ, ಇಲ್ಲಿಗೆ ಬಂದ ಮೇಲೆ ಔಷಧಿ, ಕನ್ನಡಕ, ಬ್ಯಾಂಕು ಎಲ್ಲಾ ಯಾರನ್ನೂ ಕಾಯದೇ ತಾವೇ ಹೋಗಿ ಬರ್ತಾರೆ. ಇದನ್ನ ನಕ್ಷೆಯಲ್ಲಿ ತೋರಿಸೋಕಾಗಲ್ಲ ಅನ್ಸತ್ತೆ, ಆದ್ರೆ ನಮ್ಮ ಮನೇಲಿ ಇದು ದೊಡ್ಡ ಬದಲಾವಣೆ.

ತೊಂದರೆ ಏನು ಅಂತ ಹೇಳ್ತೀನಿ, ಅದು ನಿಮಗೆ ಉಪಯೋಗ. ನಮ್ಮ ಬೆಡ್‌ರೂಮ್ ಕಿಟಕಿ ಎದುರಿಗೆ ಒಂದು ದೊಡ್ಡ ಅಂಗಡಿಯ ಹಿಂಭಾಗ. ಹಿಂಭಾಗ ಅಂದ್ರೆ ಲಾರಿ ಬಂದು ಸರಕು ಇಳಿಸೋ ಕಟ್ಟೆ. ಬೆಳಗಿನ ಜಾವ ಕತ್ತಲಿರುವಾಗ್ಲೇ ಲಾರಿ ರಿವರ್ಸ್ ತಗೊಳ್ಳೋ ಪೀಂ ಪೀಂ, ಆಮೇಲೆ ಕಬ್ಬಿಣದ ಹಲಗೆ ಬೀಳೋ ಸದ್ದು, ಚಕ್ರದ ಪಂಜರ ಅದರ ಮೇಲೆ ಉರುಳೋ ಸದ್ದು, ಫ್ರೀಜರ್ ಲಾರಿ ಆದ್ರೆ ಇಂಜಿನ್ ಆಫ್ ಮಾಡೋದೇ ಇಲ್ಲ. ಕಟ್ಟಿದೋರು ರಸ್ತೆ ಕಡೆ ಹಾಲ್ ಇಟ್ಟು ಚೆಂದ ಕಾಣ್ಸ್ಬೇಕು ಅಂತ ಬೆಡ್‌ರೂಮನ್ನ ಹಿಂದಕ್ಕೆ ತಳ್ಳಿದಾರೆ. ಅಂಗಳದ ಕಡೆ ಬೆಡ್‌ರೂಮ್ ಇರೋ ಮನೆಯೋರಿಗೆ ಏನೂ ಕೇಳ್ಸಲ್ಲ. ಅದೇ ಕಟ್ಟಡ, ಅದೇ ಬಾಡಿಗೆ. ಪಾರ್ಕಿಂಗಿನ ಎತ್ತರದ ದೀಪಗಳೂ ಹಾಗೇ, ಹಿಂದೆ ಅಲ್ಲಿ ಯಾರೂ ಮಲಗ್ತಿರ್ಲಿಲ್ಲ, ಈಗ ಮಲಗ್ತಿದೀವಿ, ದೀಪ ಮಾತ್ರ ಹಳೇದೇ, ಪರದೆ ದಪ್ಪದ್ದು ಹಾಕಿದ್ರೂ ಸಂದಿಯಿಂದ ಬೆಳಕು ಗೋಡೆ ಮೇಲೆ ಗೆರೆ ಎಳಿಯತ್ತೆ.

ಕೆಳಗಿನ ಅಂಗಡಿ ವಿಷಯ ಕೇಳಿದ್ರಲ್ಲ. ನಮ್ಮ ಬಿಲ್ಡಿಂಗ್ ಕೆಳಗೆ ಸಾಲಾಗಿ ಅಂಗಡಿ ಜಾಗ ಇದೆ, ನಾವು ಬಂದಾಗಿಂದ ಬಹುತೇಕ ಖಾಲಿ. ಗಾಜಿಗೆ ಒಳಗಿಂದ ಕಂದು ಕಾಗದ ಅಂಟಿಸಿದಾರೆ. ಸಂಜೆ ಆ ಕಡೆ ನಡೆಯೋಕೆ ಅಮ್ಮಂಗೆ ಹೆದರಿಕೆ, ಗೋಡೆ ಇದ್ದಿದ್ರೂ ಪರ್ವಾಗಿರ್ಲಿಲ್ಲ ಅಂತಾರೆ. ಅದೇ ಬೀದಿಯ ಇನ್ನೊಂದು ಬದಿ ಕೆಳಮಹಡಿಯಲ್ಲೂ ಮನೆಗಳೇ ಇವೆ, ನಾಲ್ಕು ಮೆಟ್ಟಿಲು ಹತ್ತಿ ಬಾಗಿಲು, ಬಾಗಿಲ ಮುಂದೆ ಗಿಡ, ಸಂಜೆ ಒಳಗೆ ದೀಪ ಉರೀತಿರತ್ತೆ. ಎಲ್ರೂ ಆ ಬದಿಯಲ್ಲೇ ನಡೆಯೋದು.


ಕಾಲುದಾರಿ:

ಮೂರನೇ_ಮಹಡಿ ಅವರೇ, ನಿಮ್ಮ ಪೋಸ್ಟನ್ನ ಈ ಟೀಮಿನೋರು ಪ್ರಿಂಟ್ ತೆಗೆದು ಗೋಡೆಗೆ ಹಚ್ಕೋಬೇಕು.

ಅಂಗಡಿ ಯಾಕೆ ಖಾಲಿ ಅನ್ನೋದಕ್ಕೆ ಲೆಕ್ಕ ಇದೆ. ಒಂದು ಸಣ್ಣ ಮೂಲೆ ಅಂಗಡಿ ಬದುಕೋಕೆ ನಡೆಯೋ ದೂರದಲ್ಲಿ ಹೆಚ್ಚುಕಮ್ಮಿ ಸಾವಿರ ಮನೆ ಬೇಕು ಅಂತ ರಿಟೇಲ್ ಲೆಕ್ಕ ಹಾಕೋರು ಹೇಳ್ತಾರೆ. ಒಂದು ಕಟ್ಟಡದಲ್ಲಿ ಇನ್ನೂರು ಮನೆ, ಅದರ ಕೆಳಗೆ ಹತ್ತು ಅಂಗಡಿ ಜಾಗ ಅಂದ್ರೆ ತುಂಬೋಕೆ ಸಾಧ್ಯವೇ ಇಲ್ಲ. ಅದೂ ಇದು ಶಾಪಿಂಗ್ ಡಿಸ್ಟ್ರಿಕ್ಟು! ಅಂಗಡಿ ಆಗ್ಲೇ ಬೇಕಾದಷ್ಟಿದೆ, ಕೊರತೆ ಇರೋದು ಮನೆಗೆ. ಆದ್ರೂ ನಗರಸಭೆಗಳು ಎಲ್ಲಾ ರಸ್ತೆಗೂ ಕೆಳಮಹಡಿ ಅಂಗಡಿ ಕಡ್ಡಾಯ ಅಂತ ಬರೀತಾರೆ. ನನ್ನ ಪ್ರಕಾರ ಒಂದೇ ಒಂದು ರಸ್ತೆ ಆರಿಸ್ಕೊಂಡು ಅದರ ಎರಡೂ ಬದಿ ಅಂಗಡಿ ಇಡಿ, ಅದೂ ಈಗಿರೋ ಅಂಗಡಿ ಬಾಗಿಲಿಗೆ ನೇರವಾಗಿ ಕೂಡೋ ರಸ್ತೆ. ಮಿಕ್ಕ ರಸ್ತೆಗೆಲ್ಲ ಮನೆ ಬಾಗಿಲು. ಮೂಲೆ ಕಟ್ಟಡಗಳಲ್ಲಿ ಮಾತ್ರ ಕೆಳಮಹಡಿ ಎತ್ತರ ನಾಲ್ಕೂವರೆ ಮೀಟರ್ ಇಟ್ಟು ಈಗ ಮನೆಯಾಗೋ ಆಫೀಸಾಗೋ ಬಳಸಿ, ಮುಂದೆ ಜನ ಜಾಸ್ತಿಯಾದಾಗ ಅಂಗಡಿ ಮಾಡ್ಕೋಬಹುದು.

ಮತ್ತೊಂದು ಮಾತು. ಮಾಲ್ ಅನ್ನೋದನ್ನ ಕಲ್ಪಿಸಿದಾಗ್ಲೇ ಮನೆಯೂ ಜೊತೆಗಿತ್ತು. ಮಿನೆಸೋಟಾದ ಈಡೈನಾದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್, ಪೂರ್ತಿ ಮುಚ್ಚಿದ ಹವಾನಿಯಂತ್ರಿತ ಮಾಲುಗಳಿಗೆ ಮಾದರಿಯಾದದ್ದು, ಅದರ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ಸುತ್ತಲೂ ಮನೆ, ಶಾಲೆ, ಪಾರ್ಕು, ಆಸ್ಪತ್ರೆ ಎಲ್ಲಾ ಬರ್ಬೇಕು ಅಂತ ಯೋಜನೆ ಹಾಕಿದ್ರು. ಕಟ್ಟಿದ್ದು ಮಾಲ್ ಮತ್ತು ಪಾರ್ಕಿಂಗ್. ವಿಯೆನ್ನಾದಲ್ಲಿ ಬೆಳೆದ ಆ ಮನುಷ್ಯನಿಗೆ ಇದು ಕೊನೇವರೆಗೂ ನೋವಾಗೇ ಉಳೀತು, ಮಾಲುಗಳನ್ನ ಬಹಿರಂಗವಾಗೇ ಟೀಕಿಸಿದ್ರು. ಸೌತ್‌ಡೇಲಿನ ಪಾರ್ಕಿಂಗಿನ ಮೂಲೇಲಿ ಅಪಾರ್ಟ್‌ಮೆಂಟ್ ಎದ್ದಿದ್ದು 2010ರ ದಶಕದಲ್ಲಿ. ಯಾರಾದ್ರೂ ನಿಮಗೆ ಮಾಲ್ ಜಾಗದಲ್ಲಿ ಮನೆ ಏನು ಹುಚ್ಚು ಅಂದ್ರೆ ಇದನ್ನ ಹೇಳಿ.


ಹಳೇ_ಶಟರ್:

ಎಲ್ರೂ ಆ್ಯಂಕರ್ ಅಂಗಡಿ ಬಗ್ಗೆ ಮಾತಾಡ್ತಿದೀರಿ. ಇಂಥ ಡಿಸ್ಟ್ರಿಕ್ಟಿನ ಹಿಂದಿನ ಸಾಲಲ್ಲಿ ಒಂದಿಷ್ಟು ಸಣ್ಣವು ಇರತ್ತೆ, ಹೊಲಿಗೆ, ಬೀಗ ರಿಪೇರಿ, ಸೈಕಲ್ ಅಂಗಡಿ, ಬೇರೆ ದೇಶದಿಂದ ಬಂದೋರು ನಡೆಸೋ ಸಣ್ಣ ಕಿರಾಣಿ, ಡ್ಯಾನ್ಸ್ ಕ್ಲಾಸು. ಅವು ಅಲ್ಲಿರೋದು ಕಟ್ಟಡ ಹಳೇದು, ಬಾಡಿಗೆ ಕಮ್ಮಿ ಅನ್ನೋ ಒಂದೇ ಕಾರಣಕ್ಕೆ. ಮೊದಲು ಕೆಡವೋದೂ ಅವನ್ನೇ, ಯಾಕಂದ್ರೆ ಲೀಸ್ ತಿಂಗಳ ಲೆಕ್ಕದ್ದು, ಅವರ ಕೈಲಿ ತಡೆಯೋ ಯಾವ ಕಾಗದವೂ ಇಲ್ಲ. ಹೊಸ ಕಟ್ಟಡದ ಕೆಳಗೆ ಜಾಗ ಕೊಡ್ತೀವಿ ಅಂತಾರೆ, ಆ ಬಾಡಿಗೆ ಕಟ್ಟೋಕೆ ಆ ವ್ಯಾಪಾರದಿಂದ ಆಗಲ್ಲ, ಕಟ್ಟೋ ಎರಡು ವರ್ಷ ಎಲ್ಲಿ ಕೂರ್ತಾರೆ ಅಂತಾನೂ ಯಾರೂ ಕೇಳಲ್ಲ. ಬಾಡಿಗೆ_ಲೆಕ್ಕ ಅವರೇ, ಲೀಸ್ ಮುಗಿಯೋ ಕ್ರಮದಲ್ಲಿ ಹಂತ ಮಾಡಿ ಅಂದ್ರಲ್ಲ, ಅದನ್ನ ಹಾಗೇ ಮಾಡಿದ್ರೆ ಇವರೇ ಮೊದಲು ಹೋಗ್ತಾರೆ.


ಬಾಡಿಗೆ_ಲೆಕ್ಕ:

ಸರಿಯಾದ ಮಾತು, ಸೇರಿಸ್ತೀನಿ. ಲೀಸ್ ಪದರ ಜೊತೆ ಬಾಡಿಗೆ ಪದರವೂ ಇರ್ಬೇಕು, ಅತಿ ಕಮ್ಮಿ ಬಾಡಿಗೆ ಇರೋ ಕಟ್ಟಡವನ್ನ ಕೊನೇ ಹಂತಕ್ಕೆ ಇಡ್ಬೇಕು. ಪಾರ್ಕಿಂಗ್ ಮೇಲೇ ಮೊದಲು ಕಟ್ಟೋದರ ದೊಡ್ಡ ಲಾಭ ಇದೇ, ಒಂದು ಅಂಗಡಿಯನ್ನೂ ಎಬ್ಬಿಸ್ಬೇಕಾಗಿಲ್ಲ. ಲೆಕ್ಕ ನೋಡಿ, ಒಂದು ಎಕರೆ ಬಯಲಲ್ಲಿ ನಿಲ್ಲೋದು ಸುಮಾರು 130 ಕಾರು. ಅದೇ ಒಂದು ಎಕರೆಯಲ್ಲಿ ನಾಲ್ಕೈದು ಮಹಡಿಗೆ ಐವತ್ತು ಅರವತ್ತು ಮನೆ ಆರಾಮಾಗಿ ಬರತ್ತೆ, ಟವರೇ ಬೇಕಿಲ್ಲ. ಮಾಸಚೂಸೆಟ್ಸಿನ ಮ್ಯಾಶ್ಪೀ ಕಾಮನ್ಸ್ ನೋಡಿ, 1960ರ ದಶಕದ ಸ್ಟ್ರಿಪ್ (ಸಾಲು ಅಂಗಡಿ, ಮುಂದೆ ಪಾರ್ಕಿಂಗ್) ಶಾಪಿಂಗ್ ಸೆಂಟರನ್ನ 1986ರಿಂದ ಸ್ವಲ್ಪ ಸ್ವಲ್ಪವಾಗಿ ಊರಿನ ಬೀದಿ ಥರ ಮಾಡ್ಕೊಂಡು ಬಂದಿದಾರೆ. ಅಲ್ಲಿ ಮನೆಗೆ ಅನುಮತಿ ಸಿಗೋದೇ ಬಹಳ ಕಾಲದ ತಕರಾರು, ಆದ್ರೂ ಒಂದೇ ಏಟಿಗೆ ಕೆಡವದೇ ಮಾಡ್ಬಹುದು ಅನ್ನೋದಕ್ಕೆ ಸಾಕ್ಷಿ.

ಬಾಡಿಗೆದಾರರಿಗೆ ಮರಳಿ ಬರೋ ಹಕ್ಕು, ಕಟ್ಟೋ ಅವಧಿಗೆ ಅದೇ ಡಿಸ್ಟ್ರಿಕ್ಟಲ್ಲಿ ಬದಲಿ ಜಾಗ, ಇವನ್ನ ಹೆಚ್ಚುವರಿ ಮಹಡಿ ಕೊಡುವಾಗ ಷರತ್ತಾಗಿ ನಗರಸಭೆ ಬರೆಸ್ಕೋಬೇಕು. ಮೊದಲೇ ಮಹಡಿ ಕೊಟ್ಬಿಟ್ಟು ಆಮೇಲೆ ಕೇಳಿದ್ರೆ ಯಾರೂ ಕೊಡಲ್ಲ.


ನಕ್ಷೆಗಾರ:

ಟೀಮ್ ಜೊತೆ ಕೂತು ಇಡೀ ಥ್ರೆಡ್ ಓದಿದ್ವಿ. ಟವರ್ ಬೇಕು ಅಂತಿದ್ದ ಗೆಳೆಯರೇ ಈಗ ಪಾರ್ಕಿಂಗ್ ದಾರಿಗಳನ್ನ ಅಳೀತಾ ಕೂತಿದಾರೆ. ಒಂದೇ ಒಂದು ಕೊನೇ ಪ್ರಶ್ನೆ: ಮೊದಲ ಕಟ್ಟಡ ಯಾವ ಲಾಟಲ್ಲಿ? ಮಾಲ್ ಎದುರಿನ ದೊಡ್ಡ ಲಾಟಾ, ಇಲ್ಲಾ ಹಿಂದೆ ಬಡಾವಣೆಗೆ ತಾಗಿರೋ ಸಣ್ಣದಾ? ಹಿಂದಿನದ್ದು ಯಾವಾಗ್ಲೂ ಅರ್ಧ ಖಾಲಿ.


ಕಾಲುದಾರಿ:

ಹಿಂದಿನದ್ದು, ಅನುಮಾನವೇ ಬೇಡ. ಮಾಲ್ ಎದುರಿನ ಲಾಟಲ್ಲಿ ಆ್ಯಂಕರ್‌ಗಳ ಒಪ್ಪಿಗೆ ಬೇಕು, ಅದು ವರ್ಷಗಳ ಕೆಲಸ, ಮೊದಲ ಕಟ್ಟಡದಲ್ಲಿ ಇರೋರು ಸುತ್ತ ಕಾರುಗಳ ನಡುವೆ ಒಂಟಿಯಾಗಿ ಇರ್ಬೇಕಾಗತ್ತೆ. ಹಿಂದೆ ಆದ್ರೆ ಪಕ್ಕದಲ್ಲೇ ಇರೋ ಬೀದಿ, ಶಾಲೆ, ಬಸ್ ಸ್ಟಾಪ್ ಮೊದಲ ದಿನದಿಂದಲೇ ಅವರಿಗೂ ಸಿಗತ್ತೆ. ಬಡಾವಣೆ ಕಡೆ ಮೂರು ಮಹಡಿ, ಅಂಗಡಿ ಕಡೆ ಐದು. ಲಾರಿ ಕಟ್ಟೆ ಎಲ್ಲಿದೆ ಅಂತ ನೋಡಿ ಬೆಡ್‌ರೂಮ್ ಆ ಕಡೆ ಬರದ ಹಾಗೆ ಇಡಿ. ಲಾಟಿಗೂ ಬಡಾವಣೆಗೂ ನಡುವೆ ಖಂಡಿತಾ ಒಂದು ಕಾಂಪೌಂಡ್ ಗೋಡೆ ಇರತ್ತೆ, ಅದನ್ನ ಎಲ್ಲಿ ಒಡೆದ್ರೆ ಆ ಕಡೆಯ ಬೀದಿ ನೇರವಾಗಿ ನಿಮ್ಮ ಹೊಸ ರಸ್ತೆಗೆ ಕೂಡತ್ತೆ ಅಂತ ಹುಡುಕಿ. ಕಾರಿಗೆ ಆಮೇಲೆ ನೋಡ್ಕೊಳ್ಳೋಣ, ಸದ್ಯಕ್ಕೆ ನಡೆಯೋರಿಗೆ ಮತ್ತೆ ಸೈಕಲ್ಲಿಗೆ ಮೂರು ಮೀಟರ್ ಅಗಲ ಸಾಕು, ಬಡಾವಣೆಯೋರೂ ಒಪ್ತಾರೆ, ಅವರಿಗೆ ಅಂಗಡಿ ಐದು ನಿಮಿಷದ ನಡಿಗೆ ಆಗತ್ತೆ. ನಿಮ್ಮ ಹಂತದ ಪಟ್ಟಿಯಲ್ಲಿ ಆ ಗೋಡೆ ಒಡೆಯೋದನ್ನ ಕಟ್ಟಡಕ್ಕಿಂತ ಮೇಲೆ ಬರೀರಿ.